ದೂರವಾಣಿಯ ತಂತಿಯೂ ಮೊಡೆಮಿನ ವೇಗವೂ



ಭಾರತದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ದೊರೆತದ್ದು 1995ನೆಯ ಇಸವಿಯ ಆಗಸ್ಟ್ 15ರಂದು. ಅದನ್ನು ಒದಗಿಸಿದುದು ವಿದೇಶ ಸಂಚಾರ ನಿಗಮ. ಮನೆಯ ಗಣಕಯಂತ್ರವನ್ನು ಜಾಲಕ್ಕೆ ಜೋಡಿಸಲು ಆಗ ಮಾತಿನ ದೂರವಾಣಿಯ ತಂತಿಯೇ ಸಾಧನವಾಗಿತ್ತು. ನಮ್ಮ ಪುಣೆಯ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿಯೇ ‘ಪರಮ್ 8000’ ಎಂಬ ಮಹಾಗಣಕವನ್ನು ನಿರ್ಮಿಸಿತ್ತು. ಆದರೆ ಲೆಕ್ಕ ಮಾಡುವ ವೇಗವೇ ಬೇರೆ, ಸುದ್ದಿಯನ್ನು ಸಾಗಿಸುವ ವೇಗವೇ ಬೇರೆ. ಈ ಎರಡನೆಯ ವೇಗವು ಯಾವುದನ್ನು ಅವಲಂಬಿಸಿತ್ತೆಂಬುದನ್ನು ಇಲ್ಲಿ ವಿಚಾರಿಸೋಣ.

ಗಣಕಯಂತ್ರವು ಬಲ್ಲುದು 0 ಮತ್ತು 1 ಎಂಬ ಎರಡೇ ಅಂಕಿಗಳನ್ನು. ಒಂದೊಂದಕ್ಕೂ ‘ಬಿಟ್’ ಎಂದು ಹೆಸರು. ದೂರವಾಣಿಯ ಮಾರ್ಗವಾದರೋ ಮನುಷ್ಯನ ಧ್ವನಿಗಾಗಿ ರಚಿತವಾದುದು. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ನಾದವನ್ನು ಮಾತ್ರ ಅದು ಸಾಗಿಸುತ್ತಿತ್ತು. ಬಿಟ್‌ಗಳನ್ನು ನಾದವಾಗಿ ಮಾರ್ಪಡಿಸಿ ಕಳುಹಿಸುವ, ಬಂದ ನಾದವನ್ನು ಪುನಃ ಬಿಟ್‌ಗಳಾಗಿ ಮಾಡುವ ಉಪಕರಣವೇ ಮೊಡೆಮ್.

ಹತ್ತು ಲಕ್ಷ ಬೈಟ್, ಎಂದರೆ ಎಂಬತ್ತು ಲಕ್ಷ ಬಿಟ್‌ಗಳನ್ನು ತರಿಸಲು ಬೇಕಾಗುವ ಕಾಲವನ್ನು ನೋಡಿರಿ:

ಸೆಕೆಂಡಿಗೆ 9,600 ಬಿಟ್: 13 ನಿಮಿಷ 53 ಸೆಕೆಂಡು
ಸೆಕೆಂಡಿಗೆ 14,400 ಬಿಟ್: 9 ನಿಮಿಷ 16 ಸೆಕೆಂಡು
ಸೆಕೆಂಡಿಗೆ 28,800 ಬಿಟ್: 4 ನಿಮಿಷ 38 ಸೆಕೆಂಡು
ಸೆಕೆಂಡಿಗೆ 33,600 ಬಿಟ್: 3 ನಿಮಿಷ 58 ಸೆಕೆಂಡು
ಸೆಕೆಂಡಿಗೆ 56,000 ಬಿಟ್: 2 ನಿಮಿಷ 23 ಸೆಕೆಂಡು

ಇವು ಮೊಡೆಮಿನ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗಗಳು. ತಂತಿಯು ಅಷ್ಟನ್ನು ಕೊಡುತ್ತಿತ್ತೇ ಎಂಬುದು ಬೇರೆಯ ಪ್ರಶ್ನೆ. ಮಾರ್ಗದ ಅಗಲ ಮತ್ತು ಅದರಲ್ಲಿನ ಗದ್ದಲ, ಇವೆರಡೂ ವೇಗಕ್ಕೆ ಮಿತಿಯನ್ನು ಕಟ್ಟುತ್ತವೆಂದು ಕ್ಲಾಡ್ ಶಾನನ್ ಎಂಬ ಅಮೇರಿಕೆಯ ವಿದ್ವಾಂಸನು 1948ರಲ್ಲಿ ಗಣಿತದಿಂದ ಸಿದ್ಧಪಡಿಸಿದನು. ಶಾಂತವಾದ ಕೋಣೆಯಲ್ಲಿ ವೇಗವಾಗಿ ಆಡಿದ ಮಾತು ತಿಳಿಯುತ್ತದೆ. ಮಹಾತ್ಮಾ ಫುಲೆ ಮಂಡಈಯ ಗದ್ದಲದಲ್ಲಿ ಅದೇ ಮಾತನ್ನು ನಿಧಾನವಾಗಿ ಬಿಡಿಸಿ ಹೇಳಬೇಕಾಗುತ್ತದೆ. ಎರಡು ಮೊಡೆಮ್‌ಗಳು ಕೂಡಿದೊಡನೆ ಕೇಳಿಬರುತ್ತಿದ್ದ ಕಿರುಚು ಸದ್ದು ಇಂಥ ಪರೀಕ್ಷೆಯೇ ಆಗಿತ್ತು. ತಂತಿಯ ಗುಣವನ್ನರಿತು, ಎರಡಕ್ಕೂ ನಿಭಾಯಿಸುವ ವೇಗವನ್ನು ಅವು ಗೊತ್ತುಪಡಿಸಿಕೊಳ್ಳುತ್ತಿದ್ದವು.

ತಂತಿಗಳಲ್ಲಿ ಭೇದವುಂಟಾಗಲು ಮುಖ್ಯ ಕಾರಣಗಳು ಮೂರು. ಮೊದಲನೆಯದು ದೂರ: ವಿನಿಮಯ ಕೇಂದ್ರದಿಂದ ತಾಮ್ರದ ತಂತಿಯು ಉದ್ದವಾದಷ್ಟೂ ನಾದವು ಕ್ಷೀಣಿಸುತ್ತದೆ. ಎರಡನೆಯದು ಜೋಡಣೆಯ ದೋಷ: ಸಡಿಲವಾದ ಸಂದುಗಳಲ್ಲಿ ಮಳೆಗಾಲದ ತೇವವು ಸೇರಿದರೆ ಗದ್ದಲವು ಹೆಚ್ಚುತ್ತದೆ. ಮೂರನೆಯದು ವಿನಿಮಯ ಕೇಂದ್ರದ ಬಗೆ: ಹಳೆಯ ಕೇಂದ್ರಗಳಲ್ಲಿ ಚಲಿಸುವ ಲೋಹದ ಭಾಗಗಳು ಸಂಪರ್ಕವನ್ನು ಕೂಡಿಸುತ್ತಿದ್ದವು, ಹೊಸ ಕೇಂದ್ರಗಳು ಧ್ವನಿಯನ್ನು ಅಂಕಿಗಳಾಗಿ ಮಾಡಿ ಸಾಗಿಸಿದವು. ಸಿ-ಡಾಟ್ ಸಂಸ್ಥೆಯು ರೂಪಿಸಿದ ಇಂಥ ಮೊದಲನೆಯ ಗ್ರಾಮೀಣ ಕೇಂದ್ರವು 1986ರಲ್ಲಿ ಸ್ಥಾಪಿತವಾದುದು ನಮ್ಮ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. 1998ರ 56,000 ಬಿಟ್‌ನ ಮೊಡೆಮಿಗೆ ಅಂಕಿಯ ಕೇಂದ್ರವೇ ಬೇಕಾಗಿತ್ತು. ಇಲ್ಲವಾದರೆ ಅದು 33,600ನ್ನು ಮೀರಲಾರದಾಗಿತ್ತು.

ಹಾಗಾದರೆ ಎರಡು ತಂತಿಗಳನ್ನು ಹೋಲಿಸುವುದು ಹೇಗೆ? ಮೊಡೆಮ್ ಒಂದೇ ಇರಬೇಕು, ಕರೆಯುವ ಸಂಖ್ಯೆ ಒಂದೇ ಇರಬೇಕು, ತರಿಸುವ ಕಡತವೂ ಒಂದೇ ಇರಬೇಕು, ತಂತಿಯೊಂದೇ ಬದಲಾಗಬೇಕು. ಒಮ್ಮೆ ಅಳೆದರೆ ಸಾಲದು. ಹಲವು ಸಲ ಅಳೆದು ಸರಾಸರಿಯನ್ನು ತೆಗೆಯಬೇಕು. ಕೂಡುವಾಗ ತೋರುವ ವೇಗವನ್ನಷ್ಟೇ ನಂಬಬಾರದು; ತಪ್ಪಾಗಿ ಬಂದ ಭಾಗಗಳು ಪುನಃ ಬರಬೇಕಾಗುವುದರಿಂದ, ಕಡತವು ಪೂರ್ತಿ ಸೇರಲು ಹಿಡಿದ ಕಾಲವೇ ನಿಜವಾದ ಪ್ರಮಾಣ.

ಇದು ಬರಿಯ ಲೆಕ್ಕದ ಮಾತಲ್ಲ. ಸದಾಶಿವ ಪೇಠೆಯ ಮನೆಯೊಂದರಲ್ಲಿ 28,800, ಹಡಪಸರದ ಮನೆಯೊಂದರಲ್ಲಿ 9,600 ವೇಗ ದೊರೆಯಿತೆಂದು ಭಾವಿಸೋಣ. ಯಂತ್ರವು ಒಂದೇ, ಓದುವ ಪಾಠವೂ ಒಂದೇ. ಆದರೂ ಎರಡನೆಯವನಿಗೆ ಮೂರು ಪಟ್ಟು ಕಾಲ ಬೇಕು. ಕರೆಯ ಶುಲ್ಕವು ಕಾಲಕ್ಕೆ ತಕ್ಕಂತೆ ಬೆಳೆಯುತ್ತಿದ್ದುದರಿಂದ, ಕೆಟ್ಟ ತಂತಿಯುಳ್ಳವನೇ ಅದೇ ಪಾಠಕ್ಕೆ ಹೆಚ್ಚು ಹಣವನ್ನು ತೆರಬೇಕಾಗುತ್ತಿತ್ತು. ಅವನು ಹಿಂದುಳಿದರೆ ಅದನ್ನು ಅವನ ಆಲಸ್ಯವೆಂದು ಎಣಿಸುವುದು ಅನ್ಯಾಯವಲ್ಲವೇ?

ಈಗ ಆ ಮೊಡೆಮ್‌ಗಳು ಬಹುಮಟ್ಟಿಗೆ ಮರೆಯಾಗಿವೆ. ಆದರೆ ಶಾನನ್ನನ ನಿಯಮವು ಇಂದಿನ ನಿಸ್ತಂತು ಜಾಲಕ್ಕೂ ಅನ್ವಯಿಸುತ್ತದೆ. ಫಲವನ್ನು ಹೋಲಿಸುವ ಮೊದಲು ಮಾರ್ಗವನ್ನು ಪರೀಕ್ಷಿಸಬೇಕೆಂಬುದೇ ಈ ಪಾಠದ ಸಾರ.

ಅಭ್ಯಾಸ: 7,20,000 ಬೈಟ್‌ಗಳ ಪಾಠವೊಂದನ್ನು ತರಿಸಲು ಮೇಲಿನ ಎರಡು ಮನೆಗಳಲ್ಲಿ ಎಷ್ಟೆಷ್ಟು ಕಾಲ ಬೇಕು? (ಉತ್ತರ: 3 ನಿಮಿಷ 20 ಸೆಕೆಂಡು; 10 ನಿಮಿಷ.)