ಡೀಸೆಲ್ ನಾಲ್ವರದು, ಕಾರು ಒಬ್ಬರದು

ಬಂಡೆ ಹತ್ತಲು ಹೊರಡುವ ಸ್ನೇಹಿತರ ಪ್ರವಾಸದಲ್ಲಿ ಎರಡು ಬಗೆಯ ಖರ್ಚು ಇರುತ್ತದೆ. ಡೀಸೆಲ್, ಟೋಲ್, ಊಟ, ರೂಮಿನ ಬಾಡಿಗೆ ಅಂದಂದೇ ಎಲ್ಲರ ನಡುವೆ ಹಂಚಿಹೋಗುತ್ತದೆ. ವಾಹನದ ಇಎಂಐ, ವಿಮೆ, ಸವಕಳಿ ಮಾತ್ರ ಹಂಚಿಕೆಗೆ ಬರುವುದೇ ಇಲ್ಲ. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರ ಮೇಲೆಯೇ ಉಳಿಯುತ್ತದೆ. ತಂಡದಲ್ಲಿ ನಾಯಿಗಳೂ ಇದ್ದರೆ ಎರಡನೆಯ ಖರ್ಚಿಗೆ ಬಾಗಿಲು ತೆರೆದಂತೆ, ಏಕೆಂದರೆ ಸ್ವಂತ ವಾಹನ ಕೊಳ್ಳಲು ನಾಯಿಯೇ ನೆಪವಾಗುತ್ತದೆ.

ಬೆಂಗಳೂರಿನಿಂದ ಬಾದಾಮಿ ಸುಮಾರು 450 ಕಿ.ಮೀ. ಅಲ್ಲಿನ ಕೆಂಪು ಮರಳುಗಲ್ಲಿನ ಗೋಡೆಗಳಿಗೆ ಬೋಲ್ಟ್ ಹೊಡೆದ ದಾರಿಗಳಿವೆ, ಹತ್ತಲು ಹಗ್ಗ ಬೇಕು. ಹಂಪಿಯ ಗ್ರಾನೈಟ್ ಗುಂಡುಗಳಿಗೆ ಹಗ್ಗ ಬೇಡ, ಬಿದ್ದರೆ ತಡೆಯಲು ಮಡಿಸಿದ ಹಾಸಿಗೆಯಷ್ಟು ದೊಡ್ಡ ಕ್ರ್ಯಾಶ್ ಪ್ಯಾಡ್ ಬೇಕು. ನಾಲ್ವರು, ಈ ಸಾಮಾನು, ಜೊತೆಗೆ ಒಂದು ಮುಧೋಳ ನಾಯಿ, ಒಂದು ಬೀದಿ ನಾಯಿ: ಸಣ್ಣ ಕಾರಿನಲ್ಲಿ ಇಷ್ಟು ಹಿಡಿಸುವುದಿಲ್ಲ. ಸೆಲ್ಫ್ ಡ್ರೈವ್ ಬಾಡಿಗೆಯ ಕರಾರಿನಲ್ಲಿ ಸಾಕುಪ್ರಾಣಿಗೆ ಅವಕಾಶವಿರಲಿಲ್ಲ. ಸೀಟಿನ ಮೇಲೆ ಕೂದಲು ಕಂಡದ್ದಕ್ಕೆ ಡೆಪಾಸಿಟ್ಟೇ ಹೋದ ಅನುಭವ ಒಮ್ಮೆ ಆಗಿತ್ತು.

ಆ ಸಿಟ್ಟಿನಲ್ಲೇ 2019ರಲ್ಲಿ ಈ ಅಂಕಣಕಾರ ಒಂದು ಎಸ್‌ಯುವಿ ಕೊಂಡ. ನಗರದ ಓಡಾಟಕ್ಕೆ ಹಳೆಯ ಸಣ್ಣ ಕಾರು ಇದ್ದೇ ಇತ್ತು, ಆದ್ದರಿಂದ ಹೊಸದರ ಕೆಲಸ ಪ್ರವಾಸ ಮಾತ್ರ. ಆನ್ ರೋಡ್ ಬೆಲೆ ₹13,80,000. ಡೌನ್ ಪೇಮೆಂಟ್ ₹4,00,000. ಸಾಲ ₹9,80,000 ಸಾಕಿತ್ತು, ಆದರೆ ಮಂಜೂರಾದದ್ದು ₹10,00,000. ಹೆಚ್ಚಿನ ಇಪ್ಪತ್ತು ಸಾವಿರದ ವಿಷಯ ಮುಂದೆ ಬರುತ್ತದೆ.

ಶೇ 9ರ ಬಡ್ಡಿಯಲ್ಲಿ 60 ತಿಂಗಳಿಗೆ ಇಎಂಐ ₹20,758, ಒಟ್ಟು ₹12,45,480. ಡೌನ್ ಪೇಮೆಂಟ್ ಸೇರಿದರೆ ₹16,45,480. ಐದು ವರ್ಷದ ವಿಮೆ ₹1,60,000, ಸರ್ವಿಸ್ ಮತ್ತು ಟೈರ್ ₹1,40,000. ಅಪಾರ್ಟ್‌ಮೆಂಟಿನಲ್ಲಿ ಎರಡನೆಯ ಪಾರ್ಕಿಂಗ್ ಜಾಗಕ್ಕೆ ತಿಂಗಳಿಗೆ ₹1,500ರಂತೆ ₹90,000. ಎಲ್ಲ ಕೂಡಿ ₹20,35,480. 2024ರಲ್ಲಿ ಮಾರಿದಾಗ ಬಂದದ್ದು ₹6,50,000, ಉಳಿದ ಹೊರೆ ₹13,85,480. ಇಲ್ಲಿಗೆ ಲೆಕ್ಕ ನಿಲ್ಲಿಸುವವರೇ ಹೆಚ್ಚು, ಆದರೆ ನಿಲ್ಲಿಸಬಾರದು. ಡೌನ್ ಪೇಮೆಂಟಿನ ನಾಲ್ಕು ಲಕ್ಷ ಶೇ 7ರ ಎಫ್‌ಡಿಯಲ್ಲಿ ಇದ್ದಿದ್ದರೆ ಐದು ವರ್ಷಕ್ಕೆ ಸುಮಾರು ₹1,65,900 ಬಡ್ಡಿ ಬರುತ್ತಿತ್ತು. ಅದೂ ಹೋಯಿತು. ಹಾಗಾಗಿ ನಿಜವಾದ ಮೊತ್ತ ₹15,51,380.

ಕೊಳ್ಳುವಾಗ ವರ್ಷಕ್ಕೆ ಆರು ಪ್ರವಾಸ ಎಂಬ ಎಣಿಕೆಯಿತ್ತು. ಬಾದಾಮಿಯ ಕಲ್ಲು ಕೈಗೆ ತಂಪಾಗಿರುವುದು ನವೆಂಬರಿನಿಂದ ಫೆಬ್ರುವರಿವರೆಗೆ. ಆರು ಪ್ರವಾಸ ಆ ನಾಲ್ಕು ತಿಂಗಳಲ್ಲಿ ಹಿಡಿಸುವುದೇ ಕಷ್ಟ. ಮೊದಲ ವರ್ಷ ನಾಲ್ಕಾದವು. ತಂಡ ಉಳಿಯುತ್ತಿದ್ದ, ಹಂಪಿ ಬಳಿಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರ ಮಾರ್ಚ್‌ನಲ್ಲಿ ತೆರವುಗೊಳಿಸಲಾಯಿತು, ಅದೇ ತಿಂಗಳು ಲಾಕ್‌ಡೌನ್ ಬಂತು. ಎರಡನೆಯ ವರ್ಷ ಒಂದೇ ಪ್ರವಾಸ, ಆಮೇಲೆ ವರ್ಷಕ್ಕೆ ಎರಡು. ಒಟ್ಟು 11. ಅಂದರೆ ಡೀಸೆಲ್ ಹಾಕುವ ಮೊದಲೇ ಒಂದು ಪ್ರವಾಸಕ್ಕೆ ₹1,41,000. ಡೀಸೆಲ್ ಮತ್ತು ಟೋಲಿಗೆಂದು ಸ್ನೇಹಿತರು ತಲಾ ಎರಡು ಸಾವಿರ ಕೊಡುತ್ತಿದ್ದರು. ಅವರ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ, ಕಂಡದ್ದನ್ನೆಲ್ಲ ಸರಿಯಾಗಿ ಹಂಚಿಕೊಂಡರು. ಇಎಂಐಯಲ್ಲೂ ಪಾಲು ಕೇಳೋಣವೆಂದರೆ ಅದು ಬಾಡಿಗೆಯ ರೂಪ ತಾಳುತ್ತದೆ, ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಬಳಕೆಯನ್ನು ಒಪ್ಪುವುದಿಲ್ಲ.

ಸವಕಳಿ ಗುಟ್ಟಾದ ಸಂಗತಿಯೇನಲ್ಲ. ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಮೌಲ್ಯದ, ಅಂದರೆ ಐಡಿವಿಯ, ಪಟ್ಟಿಯಲ್ಲೇ ಅದು ಅಚ್ಚಾಗಿದೆ: ಎರಡನೆಯ ವರ್ಷ ಶೇ 20, ಮೂರನೆಯ ವರ್ಷ ಶೇ 30, ನಾಲ್ಕನೆಯದಕ್ಕೆ 40, ಐದನೆಯದಕ್ಕೆ 50. ಅದೂ ಕಾರಿನ ಬೆಲೆಯ ಮೇಲೆ. 10ರಿಂದ 20 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಕಟ್ಟುವ ಶೇ 17ರ ಜೀವಾವಧಿ ತೆರಿಗೆ, ಅದರ ಮೇಲಿನ ಸೆಸ್ ಐಡಿವಿಯಲ್ಲಿ ಸೇರುವುದೇ ಇಲ್ಲ.

ಇನ್ನು ಆ ಇಪ್ಪತ್ತು ಸಾವಿರ. ಸಾಲಗಾರ ಸತ್ತರೆ ಅಥವಾ ಅಂಗವಿಕಲನಾದರೆ ಸಾಲ ತೀರಿಸುವ ಒಂದೇ ಕಂತಿನ ವಿಮೆ ಅದು. ಪ್ರೀಮಿಯಂ ಸಾಲಕ್ಕೇ ಸೇರಿದ್ದರಿಂದ ಬಡ್ಡಿಸಹಿತ ಸುಮಾರು ₹24,900 ಆಯಿತು. ತಡವಾಗಿ ಪಾಲಿಸಿ ಓದಿದಾಗ ಕಂಡದ್ದು: ಅಪಾಯಕಾರಿ ಕ್ರೀಡೆಯಿಂದಾದ ಅಪಘಾತಕ್ಕೆ ಪರಿಹಾರವಿಲ್ಲ. ಬಂಡೆ ಹತ್ತಲು ಹೋಗುವ ಕಾರಿನ ಸಾಲಕ್ಕೆ, ಬಂಡೆಯಿಂದ ಬಿದ್ದವನಿಗೆ ಒದಗದ ವಿಮೆ! ಇದನ್ನು ಮಾರುವವರು ಸಾಲಗಾರ ಏನು ಮಾಡುತ್ತಾನೆ ಎಂದು ಕೇಳುವುದಿಲ್ಲ, ಸಹಿ ಎಲ್ಲಿ ಹಾಕಬೇಕೆಂದು ತೋರಿಸುತ್ತಾರೆ. ಸಾಲ ಬೇಕಾದರೆ ಇದೂ ಬೇಕು ಎಂಬ ಮಾತು ಸುಳ್ಳು. ಸಾವಿನ ರಕ್ಷಣೆಗೆ ಸಾದಾ ಟರ್ಮ್ ಪಾಲಿಸಿ ಇದೆ, ಹತ್ತುವ ಹವ್ಯಾಸವನ್ನು ಅರ್ಜಿಯಲ್ಲೇ ಹೇಳಿಬಿಡಬೇಕು. ತೆಗೆದುಕೊಂಡಾಗಿದ್ದರೆ ಫ್ರೀ ಲುಕ್ ಅವಧಿಯೊಳಗೆ ಹಿಂದಿರುಗಿಸಬಹುದು, ಈಗ ಅದು 30 ದಿನ. ಇಲ್ಲಿ ಪಾಲಿಸಿ ಓದುವ ಮುಂಚೆಯೇ ಆ ಅವಧಿ ಮುಗಿದಿತ್ತು. ಓದಿದ ಮೇಲೆ ಸಹಿ ಹಾಕುವ ಅಭ್ಯಾಸ ಯಾವ ಬಡ್ಡಿ ದರದ ಚೌಕಾಸಿಗಿಂತಲೂ ಹೆಚ್ಚು ಉಳಿಸುತ್ತದೆ. ಅದರಂತೆಯೇ, ಕಾರು ಕೊಳ್ಳುವ ಮುನ್ನ ಕಳೆದ ಎರಡು ವರ್ಷ ಎಷ್ಟು ಬಾರಿ ಊರು ಬಿಟ್ಟದ್ದಾಯಿತು ಎಂದು ಡೈರಿ ತಿರುವಿ ನೋಡಬೇಕು. ಆಸೆಯನ್ನು ಎಣಿಸಿದರೆ ಆರು ಬರುತ್ತದೆ, ತಾರೀಖು ಎಣಿಸಿದರೆ ಎರಡು.

ನಾಯಿಗಳ ಬೆಲೆ ಹಣದಲ್ಲಿ ಮಾತ್ರವಿಲ್ಲ. ಬಾದಾಮಿಯ ಗುಹಾಲಯಗಳೊಳಗೆ ಅವನ್ನು ಬಿಡುವುದಿಲ್ಲ, ಬಂಡೆಯ ಬುಡದಲ್ಲಿ ಕೋತಿಗಳು ಕೆಣಕುತ್ತವೆ. ಹತ್ತುವವನು ಬೀಳದಂತೆ ಕೆಳಗಿನಿಂದ ಹಗ್ಗ ಹಿಡಿದು ಬಿಲೇ ಕೊಡುವವನು ನಾಯಿಯ ಸರಪಳಿಯನ್ನೂ ಹಿಡಿಯುವಂತಿಲ್ಲ, ಅದು ಮೇಲಿರುವವನ ಜೀವದ ಪ್ರಶ್ನೆ. ಸರದಿಯಂತೆ ಒಬ್ಬರು ನಾಯಿಗಳ ಜೊತೆ ನೆರಳಿನಲ್ಲಿ ಕೂರಬೇಕು. ಹೀಗೆ ಪ್ರತಿಯೊಬ್ಬರ ನಾಲ್ಕು ದಿನಗಳಲ್ಲಿ ಒಂದು ಕಳೆಯುತ್ತದೆ.

ಬದಲಿ ದಾರಿಗಳು ಸರಳ. ಡ್ರೈವರ್ ಸಹಿತ ಇನ್ನೋವಾ ಕಿ.ಮೀ.ಗೆ ₹20, ದಿನಕ್ಕೆ ಕನಿಷ್ಠ 300 ಕಿ.ಮೀ.ಯಂತೆ ನಾಲ್ಕು ದಿನಕ್ಕೆ ₹24,000. ಡ್ರೈವರಿನ ಬಾಟಾ ₹2,000. ನಾಯಿ ಇರುವುದನ್ನು ಮೊದಲೇ ಹೇಳಿ ಒಪ್ಪಿಸಿದರೆ ತೊಳೆಸುವ ಖರ್ಚು ₹3,000. ಒಟ್ಟು ₹29,000, ಡೀಸೆಲ್ ಅದರಲ್ಲೇ ಬಂತು. ಇಂಥ 11 ಪ್ರವಾಸಕ್ಕೆ ₹3,19,000. ನಾಯಿಗಳನ್ನು ಬೆಂಗಳೂರಿನಲ್ಲೇ ಬೋರ್ಡಿಂಗಿಗೆ ಬಿಡುವುದು ಇನ್ನೊಂದು ದಾರಿ, ದಿನಕ್ಕೆ ತಲಾ ₹700. ಮುಧೋಳ ನಾಯಿ ಅಲ್ಲಿ ಎರಡು ದಿನ ಅನ್ನ ಮುಟ್ಟಲಿಲ್ಲವಾದ್ದರಿಂದ ಆ ದಾರಿಯನ್ನು ಕೈಬಿಡಲಾಯಿತು.

ಕಾರು ಮಾರಿದ ಮೇಲೆ ತಂಡ ಇನ್ನೋವಾದಲ್ಲೇ ಹೋಗುತ್ತಿದೆ. ₹26,000ವನ್ನು ನಾಲ್ವರೂ ಹಂಚಿಕೊಳ್ಳುತ್ತಾರೆ, ತಲಾ ₹6,500. ತೊಳೆಸುವ ಮೂರು ಸಾವಿರವನ್ನು ನಾಯಿ ಸಾಕಿದ ಇಬ್ಬರು ಕೊಡುತ್ತಾರೆ.