ಬೆಂಗಳೂರಿನ ರೈಲು ಹತ್ತುವ ಮುಂಚೆ

ಸಿನಿಮಾ ಸೇರಬೇಕು ಅಂತ ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಲು ಹೊರಟಿದ್ದೀಯ. ಬೇಡ ಅನ್ನುವವನು ನಾನಲ್ಲ, ಮಗು. ಜಾತ್ರೆ ಬಂದರೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಬೆಳಗಿನ ತನಕ ಕುರುಕ್ಷೇತ್ರ ಆಡಿದ ಊರುಗಳು ನಮ್ಮವು. ಬಣ್ಣದ ಹುಚ್ಚು ನಮಗೆ ಹೊಸದಲ್ಲ. ಆದರೆ ಮಾತಿನ ಧಾಟಿ ಬದಲಿಸಿಕೊಂಡು, ಯಾವೂರು ಅಂದರೆ ಬೆಂಗಳೂರು ಅನ್ನಲು ರೂಢಿ ಮಾಡುತ್ತಿದ್ದೀಯಲ್ಲ, ಅದು ಸಂಕಟವಾಯಿತು. ಅದಕ್ಕೇ ಈ ನಾಲ್ಕು ಮಾತು.

ನಮ್ಮ ತಾಲ್ಲೂಕಿನ ಕಾಳೇನಹಳ್ಳಿಯ ಧನಂಜಯನನ್ನೇ ನೋಡು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಇನ್ಫೋಸಿಸ್ ಕೆಲಸ ಹಿಡಿದು, ನಾಟಕದ ಸೆಳೆತಕ್ಕೆ ಅದನ್ನೂ ಬಿಟ್ಟ ಹುಡುಗ. 2013ರಲ್ಲಿ ಗುರುಪ್ರಸಾದರ ‘ಡೈರೆಕ್ಟರ್ಸ್ ಸ್ಪೆಷಲ್’ನಲ್ಲಿ ನಾಯಕನಾದ. ಆಮೇಲೆ ‘ರಾಟೆ’, ‘ಬಾಕ್ಸರ್’, ‘ಜೆಸ್ಸಿ’ ಬಂದವು, ಹೋದವು. ನಾಗಾಭರಣರ ‘ಅಲ್ಲಮ’ನಲ್ಲಿ ಅಲ್ಲಮಪ್ರಭುವೇ ಆದ. ಜನ ಕೈಹಿಡಿದದ್ದು 2018ರಲ್ಲಿ, ಸೂರಿಯವರ ‘ಟಗರು’ ಬಂದಾಗ. ಅಲ್ಲಿ ಅವನು ನಾಯಕನಲ್ಲ, ಖಳ. ಆ ಪಾತ್ರದ ‘ಡಾಲಿ’ ಅನ್ನುವ ಹೆಸರೇ ಅವನ ಹೆಸರಿನ ಮುಂದೆ ನಿಂತಿತು.

ಆ ಐದು ವರ್ಷವನ್ನು ನೀನು ಗಮನಿಸಬೇಕು. ನಮ್ಮ ಮನೆಗಳಲ್ಲಿ ಕೊಬ್ಬರಿ ಆಗುವುದು ಹೇಗೆ? ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗುವ ತನಕ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ನಡುವೆ ಒಡೆದು ನೋಡಿದರೆ ಅದು ಕೊಬ್ಬರಿಯೂ ಅಲ್ಲ, ಎಳನೀರೂ ಅಲ್ಲ. ನೀನು ಒಂದು ವರ್ಷ ನೋಡುತ್ತೇನೆ, ಆಗದಿದ್ದರೆ ಬಿಡುತ್ತೇನೆ ಅನ್ನುತ್ತಿದ್ದೀಯ. ಕೊಬ್ಬರಿಗೇ ವರ್ಷ ಬೇಕು, ನಿನಗೆ ವರ್ಷ ಸಾಲದು.

ಗೆದ್ದ ಮೇಲೆ ಅವನು ಮಾಡಿದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಡವರ ಮಕ್ಕಳು ಬೆಳೀಬೇಕು ಅಂದ, ಅಂದು ಸುಮ್ಮನಾಗಲಿಲ್ಲ. ಸ್ವಂತ ಸಂಸ್ಥೆ ಕಟ್ಟಿ ‘ಬಡವ ರಾಸ್ಕಲ್’, ‘ಟಗರು ಪಲ್ಯ’ದಂಥ ಚಿತ್ರಗಳನ್ನು ಹೊಸ ನಿರ್ದೇಶಕರ ಕೈಗೆ ಕೊಟ್ಟ. ತೆಲುಗಿನ ‘ಪುಷ್ಪ’ದಲ್ಲಿ ಜಾಲಿ ರೆಡ್ಡಿಯಾಗಿ ಹೆಸರು ಮಾಡಿದರೂ ಕನ್ನಡದ ಕೆಲಸ ಬಿಡಲಿಲ್ಲ.

ನಮ್ಮದು ಸಣ್ಣ ಭಾಷೆ, ಇಲ್ಲಿ ಬೆಳೆಯಲು ಎಲ್ಲಿ ಜಾಗ ಅಂತ ಮೊನ್ನೆ ಕೇಳಿದೆಯಲ್ಲ. ಡೆನ್ಮಾರ್ಕಿನ ಮ್ಯಾಡ್ಸ್ ಮಿಕೆಲ್ಸನ್ ಅನ್ನುವ ನಟನ ಚಿತ್ರಗಳನ್ನು ಹುಡುಕಿ ನೋಡು. ಜಿಮ್ನಾಸ್ಟಿಕ್ಸ್ ಕಲಿತವನು, ವರ್ಷಗಟ್ಟಲೆ ನೃತ್ಯ ಮಾಡಿದವನು. ಮೊದಲ ಚಿತ್ರ 1996ರಲ್ಲಿ, ಮೂವತ್ತು ದಾಟಿದ ಮೇಲೆ. 2006ರಲ್ಲಿ ಜೇಮ್ಸ್ ಬಾಂಡ್‌ಗೆ ಎದುರಾಳಿಯಾದ. ಆದರೆ 2012ರಲ್ಲಿ ಕಾನ್ ಉತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಅವನಿಗೆ ಸಿಕ್ಕಿದ್ದು ಡೇನಿಷ್ ಚಿತ್ರಕ್ಕೆ. 2021ರಲ್ಲಿ ಆಸ್ಕರ್ ಪಡೆದ ‘ಅನದರ್ ರೌಂಡ್’ ಕೂಡ ಅವನ ತಾಯ್ನುಡಿಯದೇ. ಆ ದೇಶದ ಜನ ಸುಮಾರು 60 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ಮಾತೃಭಾಷೆ ಅಂತ ಬರೆಸಿದವರು 4.37 ಕೋಟಿ! ಭಾಷೆ ಸಣ್ಣದು ಅನ್ನುವ ನೆಪವನ್ನು ಇಲ್ಲಿಗೇ ಬಿಡು.

ನಿನ್ನ ಊರು ಬೆಂಗಳೂರು ಅನ್ನುವ ಮುಂಚೆ, ಬಿಡುವು ಮಾಡಿಕೊಂಡು ಒಮ್ಮೆ ಬೇಲೂರಿಗೆ ಹೋಗಿ ಬಾ. ಶಾಲೆಯ ಪ್ರವಾಸದಲ್ಲಿ ಓಡೋಡಿ ನೋಡಿದ ಹಾಗಲ್ಲ. ಮದನಿಕೆಯರ ಚೆಲುವು ನೋಡಿದ ಮೇಲೆ, ಶಿಲ್ಪಗಳ ಕೆಳಗೆ ಕೊರೆದ ಅಕ್ಷರಗಳ ಬಗ್ಗೆ ಅಲ್ಲಿಯ ಗೈಡನ್ನು ಕೇಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದುಕೊಂಡಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯಲ್ಲಿ, ದೂರದಿಂದ ಬಂದ ಕಸುಬುದಾರರು ತಮ್ಮ ಊರನ್ನು ಮರೆಮಾಚಲಿಲ್ಲ. ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಬಳ್ಳಿಗಾವೆಯ ಹೆಸರೂ ಜೊತೆಗೇ ಸೇರಿತು ಅಂತಲೇ ನಾನು ಎಣಿಸುತ್ತೇನೆ.

ಇನ್ನೊಂದು ಮಾತು. ಅವಕಾಶ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವನಿಗೆ ಒಂದು ರೂಪಾಯಿ ಕೊಡಬೇಡ, ಅಪ್ಪ ಮಾರಿದ ಕೊಬ್ಬರಿಯ ದುಡ್ಡಂತೂ ಬೇಡವೇ ಬೇಡ.

ಮೊದಲು ಕೆಲಸ ಕಲಿ. 1980ರಿಂದ ನಟರನ್ನು ತಯಾರು ಮಾಡುತ್ತಿರುವ ಹೆಗ್ಗೋಡಿನ ನೀನಾಸಂ ಇದೆ, ಮೈಸೂರಿನಲ್ಲಿ ರಂಗಾಯಣ ಇದೆ, ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ. ಕಸ ಗುಡಿಸುವುದರಿಂದ ಹಿಡಿದು ಮಾತು ಒಪ್ಪಿಸುವವರೆಗೆ ಎಲ್ಲ ಕಲಿ. ಈ ವರ್ಷವೇ ಅರ್ಜಿ ಹಾಕು. ಮನೆಯಲ್ಲಿ ಒಪ್ಪದಿದ್ದರೆ ಹೇಳಿ ಕಳಿಸು, ನಿಮ್ಮ ಅಪ್ಪನ ಹತ್ತಿರ ನಾನೇ ಬಂದು ಮಾತಾಡುತ್ತೇನೆ.