ಮಾವಿನ ಜಿಗಿಹುಳಕ್ಕೆ ಜೈವಿಕ ಔಷಧಿ: ಹೊಡೆಯುವ ಹೊತ್ತು ಯಾವುದು?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಆರು ಎಕರೆ ಮಾವು, ಬಾದಾಮಿ ಮತ್ತು ತೋತಾಪುರಿ ಎರಡೂ ಇವೆ. ಜಿಗಿಹುಳಕ್ಕೆ ರಾಸಾಯನಿಕ ಬೇಡವೆಂದು ಹೋದ ವರ್ಷ ಅಪ್ಪನ ಜೊತೆ ವಾದ ಮಾಡಿ ಮೆಟಾರೈಜಿಯಂ ತಂದೆ. ಮರ ತುಂಬಾ ಹೂ ಅರಳಿದ್ದಾಗ, ಬೂದಿ ರೋಗದ ಔಷಧಿಯನ್ನೂ ಅದಕ್ಕೇ ಕಲಸಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಹೊಡೆಸಿದೆ. ಮೂರು ದಿನ ಬಿಟ್ಟು ನೋಡಿದರೆ ಹುಳ ಹಾಗೇ ಇತ್ತು. ಎಲೆಯೆಲ್ಲ ಅಂಟಂಟಾಗಿ ಕಪ್ಪಗಾಯಿತು, ಹೂ ಉದುರಿತು. ಈ ಸಲ ಅಪ್ಪ ಹೇಳಿದ ಹಾಗೆಯೇ ಮಾಡಲೇ?
– ಓದುಗರು, ಕೋಲಾರ ಜಿಲ್ಲೆ

ಉತ್ತರ: ವರ್ಷಕ್ಕೊಂದೇ ಫಸಲು ಕೊಡುವ ಮರ. ಅದು ಕೈಕೊಟ್ಟರೆ ಮನೆಯಲ್ಲಿ ಎಂಥೆಂಥ ಮಾತು ಕೇಳಬೇಕಾಗುತ್ತದೆ ಎನ್ನುವುದು ನನಗೆ ಗೊತ್ತು. ಆದರೆ ನಿಮ್ಮ ಪತ್ರ ಓದಿದರೆ, ಆ ಔಷಧಿಗೆ ಕೆಲಸ ಮಾಡಲು ಅವಕಾಶವೇ ಸಿಕ್ಕಿಲ್ಲ ಅನಿಸುತ್ತದೆ.

ಮೆಟಾರೈಜಿಯಂ ಜೀವವಿರುವ ಶಿಲೀಂಧ್ರ. ಅದರ ಬೀಜಾಣು ಹುಳದ ಮೈಮೇಲೆ ಬಿದ್ದು, ಮೊಳೆತು, ಚರ್ಮ ಕೊರೆದು ಒಳಹೊಕ್ಕು ಬೆಳೆಯಬೇಕು. ಮೊಳೆಯಲು ಒಂದು ರಾತ್ರಿಯ ತೇವವಾದರೂ ಬೇಕು. ಬಿಸಿಲು ತಾಗಿದರೆ ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ. ಬೂದಿ ರೋಗವೂ ಒಂದು ಶಿಲೀಂಧ್ರವೇ, ಅದನ್ನು ಕೊಲ್ಲುವ ಔಷಧಿ ಇದನ್ನೂ ಬಿಡುವುದಿಲ್ಲ. ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿದರೆ ಕುದಿಯುವ ಹಾಲಿಗೆ ಹೆಪ್ಪು ಹಾಕಿದಂತೆ. ಒಂದುವೇಳೆ ಎಲ್ಲವೂ ಸರಿಯಾಗಿದ್ದರೂ ಹುಳ ಸಾಯಲು ಐದರಿಂದ ಹತ್ತು ದಿನ ಹಿಡಿಯುತ್ತಿತ್ತು. ಮೂರನೇ ದಿನಕ್ಕೆ ಫಲಿತಾಂಶ ಹುಡುಕುವುದು ರಾಸಾಯನಿಕ ಕಲಿಸಿದ ಅಭ್ಯಾಸ.

ಇದಕ್ಕಿಂತ ಮುಖ್ಯವಾದುದು ಹುಳದ ಲೆಕ್ಕ. ಹೂವಿಲ್ಲದ ಕಾಲದಲ್ಲಿ ದೊಡ್ಡ ಹುಳಗಳು ತೊಗಟೆಯ ಬಿರುಕಿನಲ್ಲಿ, ದಟ್ಟ ಕೊಂಬೆಗಳ ನೆರಳಿನಲ್ಲಿ ಕೂತಿರುತ್ತವೆ. ಹೂಗೊಂಚಲು ಮೂಡುತ್ತಿದ್ದಂತೆ ಅಲ್ಲಿಗೆ ಹೋಗಿ ಎಳೆಯ ದಂಟಿನೊಳಗೆ ಮೊಟ್ಟೆ ಇಡುತ್ತವೆ. ಒಂದು ವಾರದೊಳಗೆ ಮರಿ ಹೊರಬಂದು ರಸ ಹೀರತೊಡಗುತ್ತದೆ. ಎರಡು ಮೂರು ವಾರಕ್ಕೆ ಒಂದು ಪೀಳಿಗೆಯೇ ಮುಗಿಯುತ್ತದೆ. ನೀವು ಹೂ ತುಂಬಿದ ಮೇಲೆ ಹೊಡೆಸಿದಿರಿ, ಅಷ್ಟರಲ್ಲಿ ಮರಿಗಳು ಗೊಂಚಲು ತುಂಬಿದ್ದವು. ಅವು ಬಿಡುವ ಸಿಹಿ ಅಂಟಿನ ಮೇಲೆ ಬೆಳೆದದ್ದೇ ನೀವು ಕಂಡ ಕಪ್ಪು ಬೂಷ್ಟು.

ಈ ಸಲ ಮೊದಲ ಸಿಂಪರಣೆಗೆ ಹೂವಿಗಾಗಿ ಕಾಯಬೇಡಿ. ಕೋಲಾರದ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳ್ಳೆಯ ಮಳೆ, ಗಾಳಿಯಲ್ಲಿ ತೇವವಿರುತ್ತದೆ. ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಆಗ ಕಾಂಡಕ್ಕೆ, ಕವಲುಗಳಿಗೆ, ತೊಗಟೆಯ ಸಂದಿಗೆ ತೊಯ್ಯುವಂತೆ ಹೊಡೆಸಿ. ಕೊಯ್ಲಾದ ಮೇಲೆ ಒಳಗಿನ ಒತ್ತು ಕೊಂಬೆಗಳನ್ನು ಸವರಿದ್ದರೆ ಇನ್ನೂ ಚೆನ್ನ.

ಎರಡನೆಯದು ಗೊಂಚಲು ಮೂಡಿ, ಒಂದು ಹೂವೂ ಅರಳದಿರುವಾಗ. ಬಾದಾಮಿ ಒಂದು ವಾರ, ತೋತಾಪುರಿ ಇನ್ನೊಂದು ವಾರ ಗೊಂಚಲು ಬಿಟ್ಟರೆ ಸಾಲು ನೋಡಿಕೊಂಡು ಬೇರೆ ಬೇರೆ ದಿನ ಹೊಡೆಸಿ. ಬಾಡಿಗೆ ಪಂಪಿನವರು ಒಂದೇ ದಿನದಲ್ಲಿ ಎಲ್ಲ ಮುಗಿಸೋಣ ಎನ್ನುತ್ತಾರೆ, ಒಪ್ಪಬೇಡಿ. ಹೊತ್ತು ಇಳಿದ ಮೇಲೆ, ಐದು ಗಂಟೆಯ ನಂತರ ಶುರು ಮಾಡಿ. ಡಿಸೆಂಬರ್, ಜನವರಿಯ ಇಬ್ಬನಿ ಮಿಕ್ಕ ಕೆಲಸ ನೋಡಿಕೊಳ್ಳುತ್ತದೆ. ಒಂದು ವಾರ, ಹತ್ತು ದಿನ ಬಿಟ್ಟು, ಹೂ ಅರಳುವ ಮೊದಲೇ ಇನ್ನೊಂದು ಸಲ ಹೊಡೆಸಬಹುದು. ಬೂದಿ ರೋಗದ ಔಷಧಿಯನ್ನೂ ಬಿಡುವಂತಿಲ್ಲ, ಆದರೆ ಎರಡರ ನಡುವೆ ಒಂದು ವಾರವಾದರೂ ಅಂತರವಿರಲಿ. ಪಂಪು, ಡ್ರಮ್ಮು ಚೆನ್ನಾಗಿ ತೊಳೆದಿರಲಿ.

ಹೂ ಪೂರ್ತಿ ಅರಳಿದಾಗ ಏನನ್ನೂ ಹೊಡೆಸಬೇಡಿ. ಮಾವಿಗೆ ಕಾಯಿ ಕಟ್ಟಿಸುವುದು ನೊಣಗಳು, ಜೇನುಗಳು. ಅವನ್ನು ಕಳೆದುಕೊಂಡು ಜಿಗಿಹುಳ ಕೊಂದರೆ ಬಂದದ್ದೇನು?

ಔಷಧಿ ತರುವಾಗ ತಯಾರಾದ ದಿನಾಂಕ ನೋಡಿ. ತಗಡಿನ ಶೀಟಿನ ಅಂಗಡಿಯಲ್ಲಿ ಬೇಸಿಗೆ ಕಳೆದ ಪ್ಯಾಕೆಟ್ಟಿನಲ್ಲಿ ಜೀವ ಉಳಿದಿರುವುದು ಅನುಮಾನ. ಪ್ರಮಾಣ ಲೇಬಲ್ಲಿನಲ್ಲಿದ್ದಷ್ಟೇ ಹಾಕಿ.

ಇನ್ನು ಅಪ್ಪನವರ ಮಾತು. ಅವರ ಆತಂಕ ಸುಳ್ಳಲ್ಲ. ಚಳಿ ಬೇಗ ಹೋಗಿ ಒಣಹವೆ ಬಂದು, ಗೊಂಚಲಿಗೆ ಐದಕ್ಕಿಂತ ಹೆಚ್ಚು ಹುಳ ಕಂಡರೆ ಶಿಲೀಂಧ್ರವನ್ನೊಂದೇ ನಂಬಿ ಕೂರುವುದು ತರವಲ್ಲ. ಅಂಥ ವರ್ಷ ಹೂ ಅರಳುವ ಮುನ್ನ, ಕೋಲಾರದ ಕೃಷಿ ವಿಜ್ಞಾನ ಕೇಂದ್ರದವರು ಹೇಳಿದ ಕೀಟನಾಶಕವನ್ನು ಒಂದೇ ಸಲ ಹೊಡೆಸಿದರೆ ನಿಮ್ಮ ನಿಲುವಿಗೇನೂ ಕುಂದಿಲ್ಲ. ವಾರವಾರಕ್ಕೂ ವಿಷ ಸುರಿಯುವ ಪದ್ಧತಿಗೆ ಮಾತ್ರ ಹಿಂತಿರುಗಬೇಡಿ. ಅದರಿಂದ ಹುಳವನ್ನು ತಿನ್ನುವ ಜೇಡ, ಗುಲಗಂಜಿ ಹುಳಗಳು ಮೊದಲು ಸಾಯುತ್ತವೆ, ಜಿಗಿಹುಳ ಮತ್ತೆ ಏಳುತ್ತದೆ.

ನವೆಂಬರ್ ಕೊನೆಯಿಂದ ವಾರಕ್ಕೊಂದು ಸಲ ಅಪ್ಪನನ್ನೂ ಕರೆದುಕೊಂಡು ತೋಟ ಸುತ್ತಿ. ಹತ್ತು ಮರ ಆರಿಸಿಕೊಂಡು, ಮರಕ್ಕೆ ನಾಲ್ಕು ಗೊಂಚಲಿನಂತೆ ಹುಳ ಎಣಿಸಿ ಬರೆದಿಡಿ. ಆ ಲೆಕ್ಕ ಮುಂದಿಟ್ಟುಕೊಂಡು ಹೊಡೆಯುವ ದಿನವನ್ನು ಇಬ್ಬರೂ ಕೂತು ನಿರ್ಧರಿಸಿ.